ಬಿಬಿಎ ಎಂಟರ್‌ಪ್ರೆನ್ಯೂರ್‌ಶಿಪ್ ಸಂದರ್ಶನಕ್ಕೆ ಯಾವ ಬಿಸಿನೆಸ್ ಐಡಿಯಾ ಹೇಳಿದರೆ ಸೀಟು ಸಿಗುತ್ತದೆ?

ಪ್ರಶ್ನೆಯ ಕೊನೆಗೆ "ಯಾದಗಿರಿಯಲ್ಲಿ ನಮ್ಮದೊಂದು ಕಿರಾಣಿ ಅಂಗಡಿ, ಅದನ್ನು ಹೇಳಿದರೆ ನಗ್ತಾರಾ?" ಅಂತ ಒಂದು ಸಾಲು ಸೇರಿಸಿದ್ದೀರಿ. ಅದನ್ನು ಓದಿ ಸುಮ್ನಿರಲು ಆಗಲಿಲ್ಲ.

ನಾನು ಕಲಬುರಗಿಯವನು. 2022ರ ಮೇ ತಿಂಗಳಲ್ಲಿ ಇಂಥದ್ದೇ ಕೋರ್ಸಿನ ಸಂದರ್ಶನಕ್ಕೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿದ್ದೆ. ಸೋದರಮಾವನ ದಾಲ್ ಮಿಲ್ಲಿನ ಸುದ್ದಿ ಎತ್ತಬಾರದು ಅಂತ ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡಿದ್ದೆ.

ಒಂಬತ್ತನೇ ಕ್ಲಾಸಿನಿಂದಲೂ ರಜೆ ಬಂತೆಂದರೆ ನಾನು ಆ ಮಿಲ್ಲಿನಲ್ಲೇ. ಚೀಲದ ತೂಕ ಬರೆದುಕೊಳ್ಳುವುದು, ಹಮಾಲರ ಲೆಕ್ಕ, ಗಂಜಿಗೆ, ಅಂದರೆ ಧಾನ್ಯದ ಮಾರ್ಕೆಟ್ಟಿಗೆ, ಹೋಗಿ ಚೀಟಿ ಕೊಟ್ಟು ಬರುವುದು. ನನ್ನ ಕಣ್ಣಿಗೆ ಅದು ಬರೀ ಗುಮಾಸ್ತಿಕೆ. ಉದ್ಯಮ ಅಂದರೆ ಆ್ಯಪ್! ತೊಗರಿ ಬೆಳೆಯುವ ರೈತನನ್ನು ನೇರ ಬೆಂಗಳೂರಿನ ಗಿರಾಕಿಗೆ ಜೋಡಿಸುವ ಆ್ಯಪ್ ಅಂತ ಹತ್ತು ಸ್ಲೈಡ್ ಮಾಡಿಕೊಂಡೆ. 2019ರಲ್ಲಿ ಗುಲ್ಬರ್ಗಾ ತೊಗರಿ ಬೇಳೆಗೆ ಜಿಐ ಟ್ಯಾಗ್ (ಊರಿನ ಹೆಸರಿನ ಮಾಲಿಗೆ ಕೊಡುವ ಸರ್ಕಾರಿ ಗುರುತು) ಸಿಕ್ಕಿದ್ದರಿಂದ ಶುರು. ಎಲ್ಲಾ ಇಂಗ್ಲಿಷಿನಲ್ಲಿ, ಕನ್ನಡಿ ಮುಂದೆ ನಿಂತು ಬಾಯಿಪಾಠ.

ಮೂರು ಜನ ಕೂತಿದ್ದರು. ಮೂಲೆಯಲ್ಲಿದ್ದ ಮೇಡಂ ಕೇಳಿದರು, "ಎಷ್ಟು ರೈತರ ಜೊತೆ ಮಾತಾಡಿದ್ದೀಯ?"

ಒಬ್ಬರ ಜೊತೆಗೂ ಇಲ್ಲ. ನಾನು "ಇಪ್ಪತ್ತು" ಅಂದೆ.

"ಯಾವಾಗ?"

"ಹೋದ ತಿಂಗಳು ಮೇಡಂ. ಆಳಂದ ಕಡೆ, ಹೊಲಕ್ಕೇ ಹೋಗಿದ್ದೆ."

"ಹೊಲದಲ್ಲಿ ಏನಿತ್ತು?"

"ತೊಗರಿ ನಿಂತಿತ್ತು. ಕಾಯಿ ಕಟ್ಟಿತ್ತು."

ಏಪ್ರಿಲ್‌ನಲ್ಲಿ! ಮುಂಗಾರಿಗೆ ಬಿತ್ತಿ ಡಿಸೆಂಬರ್, ಜನವರಿಗೆ ಕೊಯ್ಯುವ ಬೆಳೆ ಅದು. ಏಪ್ರಿಲ್‌ನಲ್ಲಿ ನಮ್ಮ ಎರೆ ಭೂಮಿ ಬಿಸಿಲಿಗೆ ಬಿರಿದು ಬಿದ್ದಿರುತ್ತದೆ. ನನಗೆ ಗೊತ್ತಿರಲಿಲ್ಲವೇ? ಜನವರಿಯಲ್ಲಿ ಗಂಜಿನಲ್ಲಿ ಚೀಲಗಳ ನಡುವೆ ಕಾಲಿಡಲು ಜಾಗ ಸಿಗದೆ ಒದ್ದಾಡಿದವನು ನಾನು. ಆದರೂ ಹಾಗೆ ಹೇಳಿದೆ, ಏಕೆಂದರೆ ಸ್ಲೈಡಿಗೆ ಹಾಕಿದ್ದ ಫೋಟೋದಲ್ಲಿ ತೊಗರಿ ಕಾಯಿ ಕಟ್ಟಿತ್ತು. ಆ ಹೊತ್ತಿಗೆ ನನ್ನ ತಲೆಯಲ್ಲಿ ಇದ್ದದ್ದು ಆ ಫೋಟೋ ಒಂದೇ.

ಮನೆಗೆ ಬಂದು "ಗಾಬರಿ ಆಯ್ತು" ಅಂದೆ. ಗಾಬರಿ ಅಲ್ಲ ಅದು. ಆ ಸಂದರ್ಶನವನ್ನು ಎಷ್ಟು ಸಲ ತಲೆಯಲ್ಲಿ ಓಡಿಸಿದ್ದೇನೋ ಲೆಕ್ಕವಿಲ್ಲ. "ಯಾರ ಜೊತೆಗೂ ಮಾತಾಡಿಲ್ಲ" ಅಂದಿದ್ದರೆ ಅವರು "ಯಾಕೆ?" ಅನ್ನುತ್ತಿದ್ದರು. ನಾನು ಮಿಲ್ಲಿನ ಕಡೆಯವನು, ರೈತ ಅಡತಿ ಅಂಗಡಿಗೆ, ಅಂದರೆ ಕಮಿಷನ್ ಏಜೆಂಟನ ಹತ್ತಿರ, ಮಾಲು ತರುತ್ತಾನೆ, ನಮಗೆ ಎದುರಾಗುವುದು ಅಡತಿಯವನು ಅಂತ ಹೇಳಬಹುದಿತ್ತು. ಮಾತು ಮಿಲ್ಲಿಗೆ ಬರುತ್ತಿತ್ತು. ಅಲ್ಲಿಗೆ ಬಂದಿದ್ದರೆ ಆ ಮೂವರಿಗಿಂತ ನನಗೇ ಜಾಸ್ತಿ ಗೊತ್ತಿತ್ತು. ಬರದ ಹಾಗೆ ಬಾಗಿಲು ಹಾಕಿದವನು ನಾನೇ.

ಸೀಟು ಸಿಗಲಿಲ್ಲ. ಒಂದು ವರ್ಷ ಮಿಲ್ಲಿನಲ್ಲಿ ಕೂತೆ. 2023ರಲ್ಲಿ ಬೇರೆ ಕಾಲೇಜಿನ ಸಂದರ್ಶನಕ್ಕೆ ಸ್ಲೈಡ್ ಇಲ್ಲದೆ ಬರಿಗೈಯಲ್ಲಿ ಹೋದೆ. ಮಿಲ್ಲಿನಲ್ಲಿ ದುಡ್ಡು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಕೇಳಿದರು. ಕ್ವಿಂಟಲ್ ತೊಗರಿಗೆ ಸುಮಾರು 70 ಕಿಲೋ ಬೇಳೆ ಬರುತ್ತದೆ, ಉಳಿದದ್ದು ಹೊಟ್ಟು, ನುಚ್ಚು, ದನಕ್ಕೆ ಹಾಕುವ ಚುನ್ನಿ ಪುಡಿ. ಕಾಳಿಗೆ ಎಣ್ಣೆ ಹಚ್ಚಿ ಅಂಗಳದಲ್ಲಿ ಒಣಗಿಸುವಷ್ಟು ದಿನ ದುಡ್ಡು ಅಲ್ಲೇ ಬಿದ್ದಿರುತ್ತದೆ. ಒಮ್ಮೆ ನಾನು ಊಟಕ್ಕೆ ಹೋದಾಗ ಅಕಾಲ ಮಳೆ ಬಂದು ಅಂಗಳದಲ್ಲಿದ್ದ ಮಾಲೆಲ್ಲ ನೆನೆಯಿತು. ಅದು ದನದ ಮೇವಿನ ರೇಟಿಗೆ ಹೋಯಿತು. ಅದನ್ನೂ ಹೇಳಿದೆ. 2022ರ ಜುಲೈನಲ್ಲಿ 25 ಕಿಲೋವರೆಗಿನ ಲೇಬಲ್ ಹಚ್ಚಿದ ಪ್ಯಾಕಿಗೆ 5% ಜಿಎಸ್‌ಟಿ ಬಂದ ಮೇಲೆ ಮಾವ 30 ಕಿಲೋ ಚೀಲಕ್ಕೆ ಬದಲಾದ ಕಥೆಗೆ ಸಂದರ್ಶನ ಮಾಡುತ್ತಿದ್ದವರೆಲ್ಲ ನಕ್ಕರು. ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಮಾತಾಡಿದೆ, ಯಾರೂ ತಕರಾರು ಮಾಡಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು ಅಂತೀನಿ, ಬೇಜಾರು ಮಾಡ್ಕೋಬೇಡಿ. ಹದಿನೆಂಟರ ಹುಡುಗನ ಐಡಿಯಾ ನಂಬಿ ಯಾರೂ ಸೀಟು ಕೊಡುವುದಿಲ್ಲ. ಕೋಚಿಂಗಿನವರು ಹೇಳಿಕೊಡುವ ಐದು ನಿಮಿಷದ ಪಿಚ್‌ಗೆ ದುಡ್ಡು ಸುರಿಯಬೇಡಿ. ಇನ್ನೊಂದು ಮಾತು. ಸುಮ್ನೆ ಊರು ಬಿಡಬೇಕು ಅನ್ನುವುದಷ್ಟೇ ಆಸೆಯಾದರೆ ಬಿಕಾಂ ಸಾಕು, ಅದರಲ್ಲಿ ನಾಚಿಕೆ ಏನಿಲ್ಲ. ನನಗೆ ಈ ಕೋರ್ಸಿನಲ್ಲಿ ಉಪಯೋಗಕ್ಕೆ ಬಂದದ್ದು ಅಕೌಂಟ್ಸ್ ಮತ್ತು ಟ್ಯಾಕ್ಸ್. ಉದ್ಯಮಿ ಆಗುವುದು ಹೇಗೆ ಅನ್ನುವ ಕ್ಲಾಸುಗಳಲ್ಲಿ ಚೆನ್ನಾಗಿ ನಿದ್ದೆ ಮಾಡಿದ್ದೇನೆ.

ಸಂದರ್ಶನಕ್ಕೆ ಎರಡು ವಾರ ಇದೆ ಅಂದಿರಿ. ಅಪ್ಪನ ಉದ್ರಿ ಪುಸ್ತಕ ಇಸಿದುಕೊಳ್ಳಿ. ಮೂರು ತಿಂಗಳ ಉದ್ರಿ ಎಷ್ಟು, ವಾಪಸ್ ಬಂದದ್ದೆಷ್ಟು ಕೂಡಿಸಿ. ಕೊಡದವರಿಗೂ ಅಪ್ಪ ಯಾಕೆ ಮತ್ತೆ ಸಾಮಾನು ಕೊಡ್ತಾರೆ ಅಂತ ಕೇಳಿ. ಮೊದಲು ಬೈತಾರೆ. ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಮತ್ತೆ ಕೇಳಿ, ಆಗ ಹೇಳ್ತಾರೆ.