ವೋಚರ್ ಬಾಡಿಗೆದಾರರಿಗೆ ಕೀಲಿ ಯಾವಾಗ?

ಪ್ರಶ್ನೆ: ಅಮೆರಿಕದಲ್ಲಿರುವ ನಮ್ಮ ಮನೆಯನ್ನು ಸೆಕ್ಷನ್ 8 ವೋಚರ್ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಬಾಡಿಗೆ ನೆರವು) ಇರುವ ಕುಟುಂಬವೊಂದು ಕೇಳುತ್ತಿದೆ. ಬಾಡಿಗೆ ಯಾರು ಕೊಡುತ್ತಾರೆ? ಈಗಲೇ ಕೀಲಿ ಕೊಡಬಹುದೇ?

ಉತ್ತರ: ಕೀಲಿಗೆ ಅವಸರ ಬೇಡ. ಅವರು ತರುವ ಒಪ್ಪಿಗೆಯ ಅರ್ಜಿಯನ್ನು ತುಂಬಿ ಈ ನೆರವನ್ನು ನಡೆಸುವ ಕಚೇರಿಯಾದ ಸ್ಥಳೀಯ ಹೌಸಿಂಗ್ ಅಥಾರಿಟಿಗೆ ಕೊಡಿ. ಅಥಾರಿಟಿಯವರು ನಿಮ್ಮ ಬಾಡಿಗೆಯನ್ನು ಸುತ್ತಲಿನ ಮನೆಗಳೊಂದಿಗೆ ಹೋಲಿಸಿ ನೋಡುತ್ತಾರೆ, ಆಮೇಲೆ ಮನೆಯ ತಪಾಸಣೆ. ಅದಕ್ಕೂ ಮೊದಲು ಸ್ಮೋಕ್ ಅಲಾರಂ ಒತ್ತಿ ನೋಡಿ, ಕಿಟಕಿಯ ಚಿಲಕ ಸರಿಪಡಿಸಿ. 1978ಕ್ಕಿಂತ ಹಳೆಯ ಮನೆ, 6 ವರ್ಷದೊಳಗಿನ ಮಗು ಎಂದಾದರೆ ಚಕ್ಕೆ ಏಳುವ ಬಣ್ಣವೇ ದೊಡ್ಡ ತೊಡಕು. ಅದರಲ್ಲಿ ಸೀಸವಿರಬಹುದು, ಒಣಗಿದ್ದನ್ನು ಹಾಗೇ ಕೆರೆದರೆ ಧೂಳು ಮಗುವಿನ ಹೊಟ್ಟೆ ಸೇರುತ್ತದೆ, ದಯವಿಟ್ಟು ತರಬೇತಿ ಪಡೆದವರಿಂದಲೇ ಮಾಡಿಸಿ.

ಕುಟುಂಬ ಸಾಮಾನ್ಯವಾಗಿ ತನ್ನ ಲೆಕ್ಕಹಾಕಿದ ಆದಾಯದ ಶೇ. 30ರಷ್ಟು ಕೊಡುತ್ತದೆ, ಉಳಿದದ್ದು, ನಿಗದಿತ ಮಿತಿಯೊಳಗೆ, ಅಥಾರಿಟಿಯಿಂದ ನೇರ ನಿಮಗೆ. ಒಪ್ಪಂದದಾಚೆ ಒಂದು ಡಾಲರನ್ನೂ ಕೈಯಲ್ಲಿ ಪಡೆಯಬೇಡಿ, ಅದು ನಿಯಮಬಾಹಿರ.