ಬೆಳಗಾವಿಯಿಂದ ಲಂಡನ್‌ಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ತಾಸು ಬೇಕು?

ನೇರ ಗೆರೆ ಎಳೆದರೆ ಬೆಳಗಾವಿಯ ವಿಮಾನ ನಿಲ್ದಾಣವಾದ ಸಾಂಬ್ರಾದಿಂದ ಲಂಡನ್ನಿನ ಹೀಥ್ರೂ ನಿಲ್ದಾಣಕ್ಕೆ ಸುಮಾರು 7,600 ಕಿ.ಮೀ. ಆದರೆ ಸಾಂಬ್ರಾದಿಂದ ವಿದೇಶಕ್ಕೆ ವಿಮಾನಗಳಿಲ್ಲ, ಬೆಂಗಳೂರು, ಮುಂಬೈನಂಥ ದೊಡ್ಡ ಊರಿನಲ್ಲಿ ಇಳಿದು ಬೇರೆ ವಿಮಾನ ಹತ್ತಲೇಬೇಕು.

ಬೆಂಗಳೂರು ಹಾದಿ ಹಿಡಿದರೆ 445 ಕಿ.ಮೀ. ಹಿಂದಕ್ಕೆ ಹೋಗಿ, ಮತ್ತೆ 8,045 ಕಿ.ಮೀ. ಹಾರಬೇಕು. ಮುಂಬೈ ಮಾತ್ರ ಹೆಚ್ಚುಕಡಿಮೆ ಅದೇ ಗೆರೆಯ ಮೇಲಿದೆ: 405 ಮತ್ತು 7,210 ಕಿ.ಮೀ. ಹಾಗಾಗಿ ವೇಳೆ ಹೊಂದಿದರೆ ಮುಂಬೈಯೇ ಒಳ್ಳೆಯದು. ಮುಂಬೈನಿಂದ ಲಂಡನ್‌ಗೆ ಹತ್ತು ತಾಸಿನ ಆಸುಪಾಸು. ನಡುವಿನ ಕಾಯುವಿಕೆ ಸೇರಿ ಮನೆಯಿಂದ ಹೊರಟು ಹದಿನೇಳು-ಹದಿನೆಂಟು ತಾಸು ಹಿಡಿಯಿರಿ. ಮರಳುವಾಗ ಪಡುವಣದಿಂದ ಬೀಸುವ ಮೇಲ್ಗಾಳಿ ಹಿಂದಿನಿಂದ ತಳ್ಳುವುದರಿಂದ ಸುಮಾರು ಒಂದು ತಾಸು ಉಳಿಯುತ್ತದೆ.

ಟಿಕೆಟ್‌ನಲ್ಲಿರುವುದು ಆಯಾ ಊರಿನ ಗಡಿಯಾರದ ವೇಳೆ. ಲಂಡನ್ ನಮಗಿಂತ ಚಳಿಗಾಲದಲ್ಲಿ 5.30, ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ 4.30 ತಾಸು ಹಿಂದೆ. ತಲುಪುವ ವೇಳೆಯಿಂದ ಹೊರಡುವ ವೇಳೆ ಕಳೆದು, ಬಂದದ್ದಕ್ಕೆ ಹೋಗುವಾಗ ಇದನ್ನು ಕೂಡಿಸಿದರೆ, ಮರಳುವಾಗ ಕಳೆದರೆ ನಿಜವಾದ ಪಯಣದ ಅವಧಿ ಸಿಗುತ್ತದೆ.

ಜನ ಸಿಕ್ಕಿಬೀಳುವುದು ಬಿಡಿಬಿಡಿ ಟಿಕೆಟ್ ತೆಗೆದಾಗ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಆ ದುಡ್ಡು ಹೋದಂತೆಯೇ. ಲಗೇಜ್ ಇಳಿಸಿಕೊಂಡು ಮತ್ತೆ ಒಪ್ಪಿಸಬೇಕು, ದೇಶದೊಳಗಿನ ಕಡಿಮೆ ತೂಕದ ಮಿತಿಯೂ ಅನ್ವಯಿಸುತ್ತದೆ. ಎರಡೂ ವಿಮಾನಗಳನ್ನು ಒಂದೇ ಪಿಎನ್‌ಆರ್‌ನಲ್ಲಿ (ಬುಕಿಂಗ್ ಸಂಖ್ಯೆಯಲ್ಲಿ) ಬುಕ್ ಮಾಡಿ, ನಡುವೆ ಮೂರು ತಾಸಾದರೂ ಬಿಡಿ. ಬೇರೆ ಬೇರೆಯಾದರೆ ಆರು ತಾಸು.

ಮಕ್ಕಳಿಗೆಂದು ಕುಂದಾ ಕಟ್ಟಿಕೊಳ್ಳಬೇಡಿ. ಹಾಲಿನ ಪದಾರ್ಥವನ್ನು ಭಾರತದಿಂದ ಬ್ರಿಟನ್ನಿಗೆ ಒಯ್ಯಲು ಬಿಡುವುದಿಲ್ಲ.