ಶಾಲೆಯ ಗಾತ್ರವೋ, ತಂಡದ ಬಲವೋ: ಎಲಿಕಾಟ್ ಸಿಟಿಯ ಓದುಗರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಅಮೆರಿಕದ ಮೇರಿಲ್ಯಾಂಡ್ ರಾಜ್ಯದಿಂದ ತಾವು ಬರೆದ ಪತ್ರವನ್ನು ಎರಡು ಸಲ ಓದಿದೆ. ಪತ್ರ ದೀರ್ಘವಾಗಿರುವುದರಿಂದ ಅದರ ಸಾರವನ್ನಷ್ಟೇ ಇತರ ಓದುಗರಿಗಾಗಿ ಹೇಳುತ್ತೇನೆ. ತಮ್ಮ ಮಗ ಬಾಲ್ಟಿಮೋರ್ ಸಮೀಪದ ಒಂದು ಸಣ್ಣ ಖಾಸಗಿ ಪ್ರೌಢಶಾಲೆಯ ಫುಟ್‌ಬಾಲ್ ತಂಡದಲ್ಲಿ ಆಡುತ್ತಾನೆ. ತಂಡದಲ್ಲಿ ಇರುವುದೇ ಇಪ್ಪತ್ತಾರು ಹುಡುಗರು. ಎದುರಾಳಿ ಶಾಲೆಯವರು ಬಸ್ಸಿನಿಂದ ಇಳಿಯುವಾಗ ಎಣಿಸತೊಡಗಿದ ತಾವು ಅರವತ್ತು ದಾಟಿದ ಮೇಲೆ ಎಣಿಕೆ ಬಿಟ್ಟಿರಿ. ಆಟದ ನಾಲ್ಕು ಪಾಲುಗಳಲ್ಲಿ ಕೊನೆಯದಾದ ಕೊನೆಯ ಕ್ವಾರ್ಟರ್ ಹೊತ್ತಿಗೆ ಮಗ ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿ ನಿಂತಿದ್ದ. ಚೆಂಡು ಎದುರಾಳಿಗಳ ಪಾಲಾದಾಗಲೂ ಅವನು ಮೈದಾನ ಬಿಟ್ಟು ಹೊರಗೆ ಬರಲಿಲ್ಲ, ಏಕೆಂದರೆ ಅವನ ಜಾಗಕ್ಕೆ ಹೋಗಲು ಇನ್ನೊಬ್ಬ ಹುಡುಗ ಇರಲಿಲ್ಲ. ಟೆಕ್ಸಸ್‌ನಲ್ಲಿರುವ ತಮ್ಮ ಭಾವನವರು, ಅಲ್ಲಿ ಖಾಸಗಿ ಶಾಲೆಗಳನ್ನು ಮಕ್ಕಳ ಸಂಖ್ಯೆಯ ಪ್ರಕಾರವೇ ವಿಭಾಗ ಮಾಡುತ್ತಾರೆ ಎಂದರಂತೆ. ಹಾಗಾದರೆ ನಮ್ಮಲ್ಲಿ ಏಕಿಲ್ಲ, ಇದು ಅನ್ಯಾಯವಲ್ಲವೇ ಎಂಬುದು ತಮ್ಮ ಪ್ರಶ್ನೆ.

ಇದು ನಾವು ಕಾಲ್ಚೆಂಡು ಎನ್ನುವ ಆಟವಲ್ಲ, ಹೆಲ್ಮೆಟ್ ತೊಟ್ಟು ಮೈಗೆ ಮೈ ಢಿಕ್ಕಿ ಕೊಡುವ ಅಮೆರಿಕನ್ ಫುಟ್‌ಬಾಲ್ ಎಂಬುದನ್ನು ಇಲ್ಲಿಯ ಓದುಗರು ಗಮನದಲ್ಲಿಡಬೇಕು. ಮೈದಾನದಲ್ಲಿ ಇರುವವರು ಹನ್ನೊಂದೇ ಜನ. ಆದರೆ ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದಾದ್ದರಿಂದ, ದೊಡ್ಡ ಶಾಲೆಯೊಂದು ಆಕ್ರಮಣಕ್ಕೆ ಹನ್ನೊಂದು ಜನರನ್ನೂ ರಕ್ಷಣೆಗೆ ಬೇರೆಯೇ ಹನ್ನೊಂದು ಜನರನ್ನೂ ಇಟ್ಟುಕೊಂಡು, ಅವರ ಹಿಂದೆ ದಣಿಯದ ಇನ್ನೊಂದು ಸಾಲನ್ನೂ ನಿಲ್ಲಿಸುತ್ತದೆ. ಸಣ್ಣ ಶಾಲೆಯ ಹುಡುಗ ನಲವತ್ತೆಂಟು ನಿಮಿಷದ ಆಟದಲ್ಲಿ ಎರಡೂ ಕಡೆ ಆಡುತ್ತಾನೆ. ನಮ್ಮ ಕಬಡ್ಡಿಯಲ್ಲಿ ಕಿರಿಯರ ಪಂದ್ಯಗಳಿಗೆ ವಯಸ್ಸಿನ ಜೊತೆಗೆ ತೂಕದ ಮಿತಿಯೂ ಇರುತ್ತದೆ. ಹುಡುಗನನ್ನು ತಕ್ಕಡಿಯ ಮೇಲೆ ನಿಲ್ಲಿಸಿ ನೋಡಿಯೇ ಒಳಗೆ ಬಿಡುತ್ತಾರೆ. ಅಮೆರಿಕದ ಪ್ರೌಢಶಾಲಾ ಫುಟ್‌ಬಾಲಿನಲ್ಲಿ ಹುಡುಗನನ್ನು ತೂಗುವುದಿಲ್ಲ, ಶಾಲೆಯನ್ನು ತೂಗುತ್ತಾರೆ. ಗಾತ್ರವನ್ನು ನೋಡಲೇಬೇಕು ಎಂಬ ತಮ್ಮ ಮಾತಿನಲ್ಲಿ ಹುರುಳಿದೆ ಎನ್ನಲು ಇಷ್ಟು ಸಾಕು.

ತಮ್ಮ ಭಾವನವರು ಹೇಳಿದ್ದೂ ನಿಜವೇ. ಟೆಕ್ಸಸ್‌ನ ಖಾಸಗಿ ಮತ್ತು ಧಾರ್ಮಿಕ ಶಾಲೆಗಳ ಒಕ್ಕೂಟವಾದ ಟ್ಯಾಪ್ಸ್ 1978ರಲ್ಲಿ ರೂಪುಗೊಂಡಿತು. ಅದು ಎರಡು ವರ್ಷಕ್ಕೊಮ್ಮೆ ಶಾಲೆಗಳ ದಾಖಲಾತಿ ನೋಡಿ ವಿಭಾಗಗಳನ್ನು ಹೊಸದಾಗಿ ಹಂಚುತ್ತದೆ. ಆದರೆ ಅಲ್ಲಿಯ ವ್ಯವಸ್ಥೆಯ ಜಾಣತನ ನನಗೆ ಕಂಡದ್ದು ವಿಭಾಗಗಳ ಪಟ್ಟಿಯಲ್ಲಲ್ಲ, ತೀರಾ ಸಣ್ಣ ಶಾಲೆಗಳಿಗೆ ಆಟವನ್ನೇ ಬೇರೆ ಮಾಡಿಕೊಟ್ಟದ್ದರಲ್ಲಿ. ಕೆಲವು ವರ್ಷಗಳ ಹಿಂದೆ ಮಗಳ ಮನೆಗೆಂದು ಟೆಕ್ಸಸ್‌ಗೆ ಹೋಗಿದ್ದಾಗ ಆರು ಜನರ ಫುಟ್‌ಬಾಲ್ ಪಂದ್ಯವೊಂದನ್ನು ನೋಡಿದೆ. ಮೈದಾನ ನೂರು ಗಜದ ಬದಲು ಎಂಬತ್ತು ಗಜ. ಚೆಂಡನ್ನು ತಮ್ಮಲ್ಲೇ ಉಳಿಸಿಕೊಂಡು ಮುಂದಿನ ಸರದಿ ಗಳಿಸಲು ಹತ್ತರ ಬದಲು ಹದಿನೈದು ಗಜ ಸಾಗಬೇಕು. ಎಸೆದ ಚೆಂಡನ್ನು ಹಿಡಿಯುವ ಅರ್ಹತೆ ಆರೂ ಜನರಿಗೆ ಉಂಟು. ಚೆಂಡನ್ನು ಒದೆಯುವವನಿಗೆ ಅಡ್ಡ ನಿಂತು ಕಾಯುವವರು ಕಡಿಮೆ ಇರುವುದರಿಂದ, ಚೆಂಡನ್ನು ಕಂಬಗಳ ನಡುವೆ ಒದ್ದು ಗಳಿಸುವ ಮೂರು ಅಂಕದ ಫೀಲ್ಡ್ ಗೋಲಿಗೆ ಇಲ್ಲಿ ನಾಲ್ಕು ಅಂಕ. ಅರ್ಧ ಆಟ ಮುಗಿದ ಮೇಲೆ ಅಂತರ 45 ಅಂಕ ಮುಟ್ಟಿದರೆ ಪಂದ್ಯವೇ ಮುಗಿಯುತ್ತದೆ. ನಾನು ನೋಡಿದ ಪಂದ್ಯ ಹಾಗೆಯೇ ಮುಗಿಯಿತು. ಪಕ್ಕದಲ್ಲಿ ಜೋಳದ ಅರಳು ತಿನ್ನುತ್ತಿದ್ದ ಅಜ್ಜನೊಬ್ಬ ಏನೂ ಆಗಿಲ್ಲವೆಂಬಂತೆ ಎದ್ದು ಕುರ್ಚಿ ಮಡಚಿಕೊಂಡ. ಈ ಆಟವನ್ನು 1934ರಲ್ಲಿ, ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, ಹನ್ನೊಂದು ಹುಡುಗರನ್ನು ಹೊಂದಿಸಲಾಗದ ಹಳ್ಳಿ ಶಾಲೆಗಳಿಗಾಗಿ ರೂಪಿಸಿದವರು ನೆಬ್ರಾಸ್ಕದ ಶಿಕ್ಷಕ ಸ್ಟೀಫನ್ ಎಪ್ಲರ್. ಟೆಕ್ಸಸ್‌ನ ಸರ್ಕಾರಿ ಶಾಲೆಗಳಲ್ಲೂ ಸುಮಾರು 105ಕ್ಕಿಂತ ಕಡಿಮೆ ಮಕ್ಕಳಿರುವವುಗಳು ಇದನ್ನೇ ಆಡುತ್ತವೆ, 2,200ಕ್ಕೂ ಹೆಚ್ಚು ಮಕ್ಕಳಿರುವ ಶಾಲೆಗಳು ಅತ್ಯುನ್ನತ ವರ್ಗದಲ್ಲಿ ಆಡುತ್ತವೆ.

ಇನ್ನು ಬಾಲ್ಟಿಮೋರ್ ವಿಷಯ. ಅಲ್ಲಿ 1919ರಿಂದಲೂ ನಗರದ ಸರ್ಕಾರಿ ಶಾಲೆಗಳೂ ಖಾಸಗಿ ಶಾಲೆಗಳೂ ಒಂದೇ ಸಂಘದಲ್ಲಿ ಆಡುತ್ತಿದ್ದವು. ತೊಂಬತ್ತರ ದಶಕದ ಆರಂಭದಲ್ಲಿ ಸರ್ಕಾರಿ ಶಾಲೆಗಳು ರಾಜ್ಯದ ಸಂಘಕ್ಕೆ ಹೋದವು. ಖಾಸಗಿ ಶಾಲೆಗಳು ಹುಡುಗರ ಕ್ರೀಡೆಗಳಿಗಾಗಿ ಎಂಐಎಎ ಎಂಬ ತಮ್ಮದೇ ಕೂಟ ಕಟ್ಟಿಕೊಂಡವು. ರಾಜ್ಯದ ಸಂಘ ಇಂದಿಗೂ ದಾಖಲಾತಿಯ ಪ್ರಕಾರ ವರ್ಗ ಮಾಡುತ್ತದೆ. ಎಂಐಎಎ ಮಾತ್ರ ಎ, ಬಿ, ಸಿ ಎಂದು ಆಟದ ಮಟ್ಟ ನೋಡಿ, ಅದೂ ಪ್ರತಿಯೊಂದು ಕ್ರೀಡೆಗೆ ಬೇರೆ ಬೇರೆಯಾಗಿ ಹಂಚುತ್ತದೆ. ಬಲೆ ಕಟ್ಟಿದ ಕೋಲಿನಿಂದ ಆಡುವ ಲಕ್ರಾಸ್‌ನಲ್ಲಿ ಎ ಗುಂಪಿನಲ್ಲಿರುವ ಶಾಲೆ ಫುಟ್‌ಬಾಲಿನಲ್ಲಿ ಬಿ ಗುಂಪಿನಲ್ಲಿ ಇರಬಹುದು. ತಮಗೆ ಅನ್ಯಾಯವೆನಿಸಿದ ಈ ಪದ್ಧತಿ ಗಾತ್ರವನ್ನು ಏಕೆ ಬದಿಗಿಡುತ್ತದೆ ಎಂಬುದಕ್ಕೆ ತಮ್ಮ ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿಯೇ ಉತ್ತರವಿದೆ.

ಪೂರ್ವ ಬಾಲ್ಟಿಮೋರಿನಲ್ಲಿ, ನಗರದ ಹಳೆಯ ಸೆರೆಮನೆಯ ಪಕ್ಕದಲ್ಲಿ, ಸೇಂಟ್ ಫ್ರಾನ್ಸಿಸ್ ಅಕಾಡೆಮಿ ಇದೆ. ಕಪ್ಪು ಸನ್ಯಾಸಿನಿಯರ ಸಂಘವೊಂದನ್ನು ಕಟ್ಟಿದ ಮದರ್ ಮೇರಿ ಲ್ಯಾಂಗ್ 1828ರಲ್ಲಿ, ಗುಲಾಮಗಿರಿ ಇನ್ನೂ ಕಾನೂನುಬದ್ಧವಾಗಿದ್ದ ಊರಿನಲ್ಲಿ, ಕಪ್ಪು ಮಕ್ಕಳಿಗೆ ಓದು ಕಲಿಸಲೆಂದು ತೆರೆದ ಶಾಲೆ ಅದು. ಹುಡುಗರು ಹುಡುಗಿಯರು ಸೇರಿ ಅಲ್ಲಿಯ ಮಕ್ಕಳ ಸಂಖ್ಯೆ ಇನ್ನೂರರ ಆಸುಪಾಸು. ಗಾತ್ರದ ಪ್ರಕಾರ ವಿಭಾಗ ಮಾಡಿದ್ದರೆ ಆ ಶಾಲೆ ಬೀಳುತ್ತಿದ್ದುದು ಅತ್ಯಂತ ಕೆಳಗಿನ ವಿಭಾಗಕ್ಕೆ, ಎಂದರೆ ತಮ್ಮ ಮಗನ ಎದುರಿಗೆ. ಆದರೆ ಹಣ ಹೂಡಿಕೆಯ ವ್ಯವಹಾರದಿಂದ ಬಂದ ಕೋಚ್ ಬಿಫ್ ಪೊಗ್ಗಿ ತಮ್ಮ ಸ್ವಂತ ಹಣವನ್ನು ಸುರಿದು, ದೂರದೂರದಿಂದ ಹುಡುಗರು ಬಂದು ಸೇರಿ, 2017ರ ಹೊತ್ತಿಗೆ ಆ ತಂಡ ಎ ಗುಂಪಿನಲ್ಲಿ ಸೋಲೇ ಕಾಣದಷ್ಟು ಬಲಿಷ್ಠವಾಯಿತು. 2018ರಲ್ಲಿ ಗುಂಪಿನ ಉಳಿದ ಶಾಲೆಗಳು ಒಂದರ ಹಿಂದೆ ಒಂದು, ನಮ್ಮ ಮಕ್ಕಳಿಗೆ ಪೆಟ್ಟಾದೀತು ಎಂದು ಕಾರಣ ಕೊಟ್ಟು, ಆ ತಂಡದೊಡನೆ ಆಡುವುದಿಲ್ಲವೆಂದು ಪ್ರಕಟಿಸಿದವು. ಹಾಗೆ ಹೇಳಿದ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಅದರದಕ್ಕಿಂತ ಹಲವು ಪಟ್ಟು ಹೆಚ್ಚು. ಈ ನಿರಾಕರಣೆಯಲ್ಲಿ ಬಣ್ಣದ, ವರ್ಗದ ಮಾತೂ ಅಡಗಿದೆಯೇ ಎಂಬ ಚರ್ಚೆ ಆಗ ಬಲವಾಗಿ ನಡೆಯಿತು. ಅದು ಕೇಳಬೇಕಾದ ಪ್ರಶ್ನೆಯೇ, ಆದರೆ ತಮ್ಮ ಪತ್ರದ ವಿಷಯಕ್ಕೆ ಬೇಕಾದದ್ದು ಇಷ್ಟು: ಮೈದಾನದಲ್ಲಿ ಆನೆಯಾಗಿದ್ದ ತಂಡ ದಾಖಲಾತಿ ಪುಸ್ತಕದಲ್ಲಿ ಇರುವೆಯಾಗಿತ್ತು.

ಸರ್ಕಾರಿ ಶಾಲೆಗೆ ಗಡಿಯುಂಟು. ಆ ಬಡಾವಣೆಯ ಮಕ್ಕಳೇ ಆ ಶಾಲೆಗೆ ಬರುವುದರಿಂದ, ಎರಡು ಸಾವಿರ ಮಕ್ಕಳಿರುವಲ್ಲಿ ದೊಡ್ಡ ಮೈಯ ಹುಡುಗರು ಎಷ್ಟಿರಬಹುದು ಎಂದು ಒಂದು ಅಂದಾಜು ಮಾಡಬಹುದು. ಖಾಸಗಿ ಶಾಲೆಗೆ ಗಡಿಯಿಲ್ಲ. ಯಾರನ್ನು ಸೇರಿಸಿಕೊಳ್ಳಬೇಕು, ಯಾರಿಗೆ ಶುಲ್ಕ ರಿಯಾಯಿತಿ ಕೊಡಬೇಕು ಎಂಬುದನ್ನು ಶಾಲೆಯೇ ತೀರ್ಮಾನಿಸುತ್ತದೆ. ಮುನ್ನೂರು ಮಕ್ಕಳ ಒಂದು ಶಾಲೆ ಪಿಟೀಲು, ಗಣಿತ ಎಂದು ಹೆಸರು ಮಾಡಿದ್ದರೆ, ಅಷ್ಟೇ ಮಕ್ಕಳ ಇನ್ನೊಂದು ಶಾಲೆಯಲ್ಲಿ ಗಂಡುಮಕ್ಕಳ ದೊಡ್ಡ ಪಾಲು ಫುಟ್‌ಬಾಲ್ ತಂಡದಲ್ಲೇ ಇರಬಹುದು. ಹುಡುಗರದೇ ಶಾಲೆಯಾದರೆ ಲೆಕ್ಕ ಇನ್ನೂ ತಪ್ಪುತ್ತದೆ. ಇಲಿನಾಯ್ ರಾಜ್ಯ ಇದಕ್ಕೆ ಗುಣಾಕಾರದ ಮದ್ದು ಕಂಡುಕೊಂಡಿತು: ಹುಡುಗರದಷ್ಟೇ ಅಥವಾ ಹುಡುಗಿಯರದಷ್ಟೇ ಶಾಲೆಯ ಸಂಖ್ಯೆಯನ್ನು ಇಮ್ಮಡಿ ಮಾಡಿ, ಗಡಿಯಿಲ್ಲದ ಶಾಲೆಯಾದರೆ ಅದನ್ನು ಮತ್ತೆ 1.65ರಿಂದ ಗುಣಿಸುತ್ತಾರೆ. 400 ಹುಡುಗರ ಶಾಲೆ ಹೀಗೆ ಕಾಗದದ ಮೇಲೆ 1,320 ಮಕ್ಕಳ ಶಾಲೆಯಾಗುತ್ತದೆ. ಸತತವಾಗಿ ಸೋಲುವ ಬಡ ಶಾಲೆಗೂ ಇದೇ ಗುಣಾಕಾರ ಬಿದ್ದು ಪೆಟ್ಟಾಗುವುದರಿಂದ ಅಲ್ಲಿ ವಿನಾಯಿತಿಯನ್ನೂ ಸೇರಿಸಬೇಕಾಯಿತು. ಮದ್ದಿಗೆ ಮದ್ದು ಹುಡುಕುವ ಈ ಪಾಡು ನನಗೆ ಒಪ್ಪಿಗೆಯಾಗುವುದಿಲ್ಲ.

ಇಂಡಿಯಾನಾ ರಾಜ್ಯದ ದಾರಿ ನೇರವಾದದ್ದು. ಅಲ್ಲಿ ಮೊದಲು ದಾಖಲಾತಿ ನೋಡಿ ವರ್ಗ ಕೊಡುತ್ತಾರೆ. ಬಳಿಕ ಎರಡು ವರ್ಷದ ಫಲಿತಾಂಶಕ್ಕೆ ಅಂಕ ಕೊಟ್ಟು (ರಾಜ್ಯ ಪ್ರಶಸ್ತಿಗೆ ನಾಲ್ಕು, ಕೆಳಗಿನ ಹಂತಗಳಿಗೆ ಕ್ರಮವಾಗಿ ಕಡಿಮೆ) ಆರು ಅಂಕ ಮುಟ್ಟಿದ ಶಾಲೆಯನ್ನು, ಅದು ಸರ್ಕಾರಿಯಾಗಲಿ ಖಾಸಗಿಯಾಗಲಿ, ಒಂದು ವರ್ಗ ಮೇಲಕ್ಕೆ ಏರಿಸುತ್ತಾರೆ. ಇಂಡಿಯಾನಾಪೊಲಿಸ್‌ನ ಕೆಥೀಡ್ರಲ್ ಎಂಬ ಕ್ಯಾಥೊಲಿಕ್ ಶಾಲೆ ತನ್ನ ಗಾತ್ರಕ್ಕಿಂತ ಮೇಲಿನ ವರ್ಗಕ್ಕೆ ಏರಿದ್ದು ಹೀಗೆಯೇ. ನನಗೆ ಕೇಳಿದರೆ, ಖಾಸಗಿ ಶಾಲೆಗಳಿಗೆ ತಕ್ಕ ಕ್ರಮ ಇದೇ: ಎಷ್ಟು ಮಕ್ಕಳಿದ್ದಾರೆ ಎಂಬುದರಿಂದ ಆರಂಭಿಸಿ, ಏನು ಆಡಿದರು ಎಂಬುದರಿಂದ ತಿದ್ದಿಕೊಳ್ಳುವುದು. ತಿದ್ದುಪಡಿ ಮೇಲಕ್ಕಷ್ಟೇ ಅಲ್ಲದೆ ಕೆಳಕ್ಕೂ ಆಗಬೇಕು. ಎರಡು ವರ್ಷ ಗೆಲುವೇ ಕಾಣದ ಶಾಲೆ ಕೆಳಗಿನ ಗುಂಪನ್ನು ಕೇಳಿದರೆ, ಅದನ್ನು ಅವಮಾನವೆಂದು ಯಾರೂ ಎಣಿಸಬಾರದು.

ಇದಕ್ಕೆ ಒಂದು ತೊಡಕುಂಟು. ಬಾಲ್ಟಿಮೋರಿನಲ್ಲಿ ಕ್ಯಾಲ್ವರ್ಟ್ ಹಾಲ್ ಮತ್ತು ಲೊಯೊಲಾ ಬ್ಲೇಕ್‌ಫೀಲ್ಡ್ ಶಾಲೆಗಳು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಎದುರುಬದುರಾಗುತ್ತಿದ್ದ ಟರ್ಕಿ ಬೌಲ್ 1920ರಲ್ಲಿ ಆರಂಭವಾದದ್ದು. ಯಾವ ಲೆಕ್ಕದಿಂದ ವಿಭಾಗ ಮಾಡಿದರೂ ಇಂಥ ಜೋಡಿಗಳು ಎಂದಾದರೊಂದು ದಿನ ಬೇರೆ ಬೇರೆ ಗುಂಪಿಗೆ ಬೀಳಬಹುದು. ಅಂಥ ಪಂದ್ಯಗಳನ್ನು ಅಂಕಪಟ್ಟಿಯ ಹೊರಗಿಟ್ಟು ಆಡಿದರಾಯಿತು. ಆ ದಿನ ಮೈದಾನಕ್ಕೆ ಬರುವ ಹಳೆಯ ವಿದ್ಯಾರ್ಥಿಗಳಲ್ಲಿ ಅಂಕಪಟ್ಟಿ ನೋಡಲು ಬರುವವರು ಎಷ್ಟು ಜನ?

ತಮ್ಮ ಪತ್ರದ ಕೊನೆಯ ಸಾಲಿನಲ್ಲಿ, ಮಗನನ್ನು ಆಟ ಬಿಡಿಸಲೇ ಎಂದು ಕೇಳಿದ್ದೀರಿ. ಪತ್ರಿಕೆಯವನು ಹೇಳುವ ಮಾತಲ್ಲ ಅದು. ಅವನ ಕೋಚ್ ಹತ್ತಿರ ಎರಡು ವಿಷಯ ಕೇಳಿ. ವಾರದ ಅಭ್ಯಾಸಕ್ಕೆ ಪೂರ್ತಿ ಆರೋಗ್ಯದಿಂದ ಇಳಿಯುವವರು ಇಪ್ಪತ್ತಾರರಲ್ಲಿ ಎಷ್ಟು ಜನ? ಅಂತರ ಬಹಳವಾದಾಗ ಗಡಿಯಾರ ನಿಲ್ಲಿಸದೆ ಓಡಿಸಿ ಆಟ ಬೇಗ ಮುಗಿಸಲು ಎದುರಾಳಿ ಕೋಚ್ ಜೊತೆ ಮಾತಾಡಿಕೊಂಡಿದ್ದಾರೆಯೇ? ಇಳಿಯುವವರು ಇಪ್ಪತ್ತಕ್ಕಿಂತ ಕಡಿಮೆ ಎಂದಾದರೆ, ಮುಂದಿನ ವರ್ಷದ ವೇಳಾಪಟ್ಟಿ ಗೊತ್ತಾಗುವ ಮೊದಲೇ ಉಳಿದ ತಾಯಿತಂದೆಯರನ್ನೂ ಕರೆದುಕೊಂಡು ಶಾಲೆಯ ಕ್ರೀಡಾ ನಿರ್ದೇಶಕರನ್ನು ಕಂಡು, ಕೆಳಗಿನ ಗುಂಪಿಗೆ ಅರ್ಜಿ ಹಾಕುವಂತೆ ಕೇಳಿಕೊಳ್ಳಿ. ಆ ಅರ್ಜಿಯಲ್ಲಿ ಶಾಲೆಯ ಮಕ್ಕಳ ಸಂಖ್ಯೆಯನ್ನು ಬರೆಯುವ ಬದಲು, ಆ ಶುಕ್ರವಾರ ಕೊನೆಯ ಕ್ವಾರ್ಟರ್‌ನಲ್ಲಿ ನಿಮ್ಮ ಬೆಂಚಿನ ಮೇಲೆ ಎಷ್ಟು ಹುಡುಗರು ಉಳಿದಿದ್ದರು ಎಂಬುದನ್ನು ಬರೆಸಿ.

— ಸಂಪಾದಕ